ಫಾಂಟು ಮತ್ತು ಪಾಠ: ಒಂದು ಪರಿಶೀಲನೆ

ಮನೆಯ ಗಣಕಯಂತ್ರದಲ್ಲಿ ಕನ್ನಡ ಬರಹವು ಸರಿಯಾಗಿ ಮೂಡದಿದ್ದಾಗ ದೊರೆಯುವ ಸಲಹೆ ಸಾಮಾನ್ಯವಾಗಿ ಒಂದೇ: ‘ಫಾಂಟು ಹಾಕಿಕೊಳ್ಳಿರಿ.’ ಅಧ್ಯಾಪಕರೂ, ಡಿಟಿಪಿ ಅಂಗಡಿಯವರೂ, ಸಂಶೋಧನ ವಿದ್ಯಾರ್ಥಿಗಳೂ ಪರಸ್ಪರ ಹೇಳಿಕೊಳ್ಳುವ ಮಾತು ಇದೇ. ಈ ಸಲಹೆಯು ಅನೇಕ ಸಂದರ್ಭಗಳಲ್ಲಿ ನಿಷ್ಫಲವಾಗುತ್ತದೆ. ಫಲಿಸಿದ ಕೆಲವು ಸಂದರ್ಭಗಳಲ್ಲಿಯೂ ಮೂಲದೋಷವನ್ನು ಮರೆಮಾಡುತ್ತದೆ. ಇದು ಕೇವಲ ಯಂತ್ರಜ್ಞರಿಗೆ ಸೇರಿದ ವಿಷಯವೆಂದು ಭಾವಿಸುವುದು ಸರಿಯಲ್ಲ. ಶಾಸನಪಾಠ, ದಫ್ತರಗಳ ಪ್ರತಿ, ಮಹಾಪ್ರಬಂಧ ಇವೆಲ್ಲವೂ ಈಗ ಗಣಕಯಂತ್ರದಲ್ಲಿಯೇ ಸಿದ್ಧವಾಗುತ್ತಿರುವುದರಿಂದ ಇದು ಆಕರಗಳ ಪ್ರಶ್ನೆ. ಆದುದರಿಂದಲೇ ಇತಿಹಾಸದ ಪ್ರಶ್ನೆಯೂ ಹೌದು. ಆ ಸಲಹೆಯ ಗುಣದೋಷಗಳನ್ನು ಇಲ್ಲಿ ಪರೀಕ್ಷಿಸಲು ಉದ್ದೇಶಿಸಿದ್ದೇವೆ.

ಮೊದಲು ಎರಡು ವಸ್ತುಗಳನ್ನು ಬೇರ್ಪಡಿಸಿ ನೋಡುವುದು ಅವಶ್ಯಕ. ಯಂತ್ರದ ಸ್ಮೃತಿಯಲ್ಲಿರುವುದು ಅಕ್ಷರಗಳಲ್ಲ, ಸಂಖ್ಯೆಗಳು. ಯಾವ ಸಂಖ್ಯೆ ಯಾವ ಅಕ್ಷರಕ್ಕೆ ಸಲ್ಲುತ್ತದೆಂಬ ನಿಯಮವೇ ಸಂಕೇತಪದ್ಧತಿ. ಆ ಅಕ್ಷರಕ್ಕೆ ಕಣ್ಣಿಗೆ ಕಾಣುವ ರೂಪವನ್ನು ಕೊಡುವುದು ಫಾಂಟು. 1991ರಲ್ಲಿ ಪ್ರಕಟವಾದ ಯೂನಿಕೋಡ್ ಪದ್ಧತಿಯ ಮೊದಲನೆಯ ಆವೃತ್ತಿಯಲ್ಲಿಯೇ ಕನ್ನಡಕ್ಕೆ 128 ಸ್ಥಾನಗಳ ಒಂದು ಖಂಡವು ಮೀಸಲಾಗಿದ್ದಿತು. ಆದರೆ ಮನೆಯ ಯಂತ್ರಗಳು ಅದನ್ನು ಬಳಸುವ ಸಾಮರ್ಥ್ಯ ಪಡೆಯುವುದಕ್ಕೆ ಹಲವು ವರ್ಷಗಳು ಹಿಡಿದವು. ವಿಂಡೋಸ್‌ನೊಡನೆ ‘ತುಂಗಾ’ ಎಂಬ ಕನ್ನಡ ಫಾಂಟು ಸೇರಿ ಬಂದದ್ದು 2001ರ ಎಕ್ಸ್‌ಪಿ ಆವೃತ್ತಿಯಲ್ಲಿ. ಆ ಮಧ್ಯಕಾಲದ ಕೊರತೆಯನ್ನು ತುಂಬಿದವು 1998ರಲ್ಲಿ ಬಂದ ‘ಬರಹ’ ಮತ್ತು ಕನ್ನಡ ಗಣಕ ಪರಿಷತ್ತು ರೂಪಿಸಿದ ‘ನುಡಿ’ ತಂತ್ರಾಂಶಗಳು. ರೋಮನ್ ಅಕ್ಷರಗಳಿಗೆ ಗೊತ್ತಾಗಿದ್ದ ಸ್ಥಾನಗಳಲ್ಲಿ ಕನ್ನಡ ಅಕ್ಷರಗಳ ಅವಯವಗಳನ್ನು ಬರೆದಿಡುವ ಉಪಾಯವನ್ನು ಅವುಗಳ ಹಳೆಯ ಫಾಂಟುಗಳು ಅನುಸರಿಸಿದವು. ಬೇರೆ ಮಾರ್ಗವಿಲ್ಲದ ಕಾಲದಲ್ಲಿ ಕನ್ನಡವನ್ನು ಗಣಕಯಂತ್ರಕ್ಕೆ ತಂದ ಕೀರ್ತಿ ಅವುಗಳದು. ನಮ್ಮ ಆಕ್ಷೇಪಣೆ ಆ ಉಪಾಯದ ಮೇಲಲ್ಲ, ಅದನ್ನು ಶಾಶ್ವತವೆಂದು ತಿಳಿದಿರುವುದರ ಮೇಲೆ.

ಉದಾಹರಣೆಗೆ, ‘ಕನ್ನಡ’ ಎಂಬ ಪದವನ್ನು ತೆಗೆದುಕೊಳ್ಳೋಣ. ಯೂನಿಕೋಡಿನಲ್ಲಿ ಇದು ಕ, ನ, ವಿರಾಮ ಚಿಹ್ನೆ, ನ, ಡ ಎಂಬ 5 ಸಂಕೇತಗಳ ಸರಣಿ. ನುಡಿಯ ಹಳೆಯ ಫಾಂಟಿನಲ್ಲಿ ಇದೇ ಪದವು 7 ಸಂಕೇತಗಳಾಗುತ್ತದೆ: ದೊಡ್ಡ ಪಿ, ತಲೆಯ ಮೇಲೆ ಓರೆಗೆರೆಯುಳ್ಳ ಎ, ಬ್ರಿಟನ್ನಿನ ಪೌಂಡ್ ನಾಣ್ಯದ ಚಿಹ್ನೆ, ಪುನಃ ಅದೇ ಎ, ಜರ್ಮನ್ ಭಾಷೆಯ ಜೋಡಿ ಎಸ್, ಸಣ್ಣ ಕ್ಯೂ, ಮತ್ತೊಮ್ಮೆ ಅದೇ ಎ. ಓರೆಗೆರೆಯ ಎ ಇಲ್ಲಿ ತಲೆಕಟ್ಟು. ಜರ್ಮನ್ ಅಕ್ಷರವು ನಕಾರದ ಒತ್ತು. ಅಚ್ಚುಮೊಳೆ ಜೋಡಿಸುವವನು ತನ್ನ ಪೆಟ್ಟಿಗೆಯಿಂದ ತುಂಡುಗಳನ್ನು ಆರಿಸಿದ ಕ್ರಮವನ್ನೇ ಇದು ಹೋಲುತ್ತದೆ. ಆದರೆ ಮೊಳೆ ಜೋಡಿಸಿದವನು ಅಚ್ಚಾದ ಹಾಳೆಯನ್ನು ಓದುಗನಿಗೆ ಕೊಟ್ಟನು. ನಾವಾದರೋ ಮೊಳೆಯ ಪೆಟ್ಟಿಗೆಯನ್ನೇ ಗ್ರಂಥವೆಂದು ಕೊಡುತ್ತಿದ್ದೇವೆ.

ಈ ಭೇದವನ್ನು ಮನಸ್ಸಿನಲ್ಲಿಟ್ಟರೆ ರೋಗಲಕ್ಷಣಗಳನ್ನು ಗುರುತಿಸುವುದು ಕಷ್ಟವಲ್ಲ. ಪರದೆಯ ಮೇಲೆ ಬರಿಯ ಚೌಕಗಳು ಕಂಡರೆ, ಬಹುಮಟ್ಟಿಗೆ ಪಾಠವು ಸರಿಯಾಗಿದೆ, ಅದಕ್ಕೆ ರೂಪ ಕೊಡುವ ಫಾಂಟು ಮಾತ್ರ ಇಲ್ಲ. ಯಾವುದಾದರೊಂದು ಯೂನಿಕೋಡ್ ಕನ್ನಡ ಫಾಂಟನ್ನು ಸ್ಥಾಪಿಸಿದರೆ ಸಾಕು. ವಿಂಡೋಸ್ 8ರಿಂದ ಈಚೆಗೆ ‘ನಿರ್ಮಲಾ ಯುಐ’ ಫಾಂಟು ಜೊತೆಯಲ್ಲಿಯೇ ಬರುತ್ತಿರುವುದರಿಂದ ಈ ತೊಂದರೆ ಅಲ್ಲಿ ವಿರಳವಾಗಿದೆ. ರೋಮನ್ ಅಕ್ಷರಗಳೂ ಯುರೋಪಿನ ಚಿಹ್ನೆಗಳೂ ಬೆರೆತು ಕಂಡರೆ, ಪಾಠವು ಹಳೆಯ ಸಂಕೇತದಲ್ಲಿದೆ. ಇದಕ್ಕೆ ತುಂಗಾ ಮುಂತಾದ ಫಾಂಟುಗಳನ್ನು ಎಷ್ಟು ಹಾಕಿದರೂ ವ್ಯರ್ಥ, ಬರೆದವರು ಬಳಸಿದ ಫಾಂಟೇ ಬೇಕು. ಕನ್ನಡ ಅಕ್ಷರಗಳೇ ಕಂಡು, ಒತ್ತು ಗುಣಿತಗಳು ಮಾತ್ರ ಬಿಡಿಬಿಡಿಯಾಗಿ ನಿಂತಿದ್ದರೆ, ದೋಷವು ಅಕ್ಷರಗಳನ್ನು ಕೂಡಿಸುವ ತಂತ್ರಾಂಶದಲ್ಲಿದೆ. ಎಕ್ಸ್‌ಪಿಯ ಕಾಲದಲ್ಲಿ ಸಂಕೀರ್ಣ ಲಿಪಿಗಳ ಸೌಲಭ್ಯವನ್ನು ಪ್ರತ್ಯೇಕವಾಗಿ ಸೇರಿಸಿಕೊಳ್ಳಬೇಕಾಗಿದ್ದುದು ಈ ಕಾರಣದಿಂದಲೇ.

ಫಾಂಟು ಹಾಕಿದ ಮೇಲೂ ಅದರ ಹೆಸರು ಪಟ್ಟಿಯಲ್ಲಿ ಕಾಣದಿರುವುದು ಮತ್ತೊಂದು ತೊಡಕು. ಇದರ ಕಾರಣಗಳು ಸರಳ. ಜಿಪ್ ಕಡತವನ್ನು ಬಿಡಿಸದೆ ಒಳಗಿನ ಫಾಂಟನ್ನು ತೆರೆದು ನೋಡಿದ್ದಿರಬಹುದು. ಬರೆಯುವ ತಂತ್ರಾಂಶವನ್ನು ಮುಚ್ಚಿ ಪುನಃ ತೆರೆಯದಿದ್ದಿರಬಹುದು. ಕಡತದ ಹೆಸರೂ ಪಟ್ಟಿಯಲ್ಲಿ ತೋರುವ ಫಾಂಟಿನ ಹೆಸರೂ ಬೇರೆಯಾಗಿರಬಹುದು. ವಿಂಡೋಸ್ 10ರ 2018ರ ಆವೃತ್ತಿಯಿಂದ ಈಚೆಗೆ ‘ಇನ್‌ಸ್ಟಾಲ್’ ಎಂದರೆ ಆ ಒಬ್ಬ ಬಳಕೆದಾರನಿಗೆ ಮಾತ್ರ ಎಂದು ಅರ್ಥವಾಗಿರುವುದನ್ನೂ ಗಮನಿಸಬೇಕು. ಕೆಲವು ಹಳೆಯ ತಂತ್ರಾಂಶಗಳು ಹಾಗೆ ಹಾಕಿದ ಫಾಂಟನ್ನು ಕಾಣಲಾರವು. ‘ಎಲ್ಲ ಬಳಕೆದಾರರಿಗೆ’ ಎಂಬ ಆಯ್ಕೆಯಿಂದ ಸ್ಥಾಪಿಸಿದರೆ ಕಾಣುತ್ತವೆ. ಇಷ್ಟರ ಮಟ್ಟಿಗೆ ಪ್ರಚಲಿತ ಸಲಹೆಯು ಉಪಯುಕ್ತವೇ ಆಗಿದೆ.

ಆದರೆ ಎರಡನೆಯ ಲಕ್ಷಣದ ವಿಷಯದಲ್ಲಿ ಅದು ಅಪಾಯಕರ. ಹಳೆಯ ಫಾಂಟನ್ನು ಹಾಕಿದೊಡನೆ ಪರದೆಯು ಶುದ್ಧವಾಗುತ್ತದೆ, ಓದುಗನಿಗೆ ಸಮಾಧಾನವಾಗುತ್ತದೆ, ಪಾಠವು ಮಾತ್ರ ಇದ್ದಂತೆಯೇ ಇರುತ್ತದೆ. ಇದರ ಪರಿಣಾಮವನ್ನು ನಾಮಸೂಚಿಯಲ್ಲಿ ನೋಡಬಹುದು. ಹಳೆಯ ಸಂಕೇತದಲ್ಲಿ ‘ಯ’ಕಾರವು ರೋಮನ್ ಎ ಅಕ್ಷರದಿಂದ ಆರಂಭವಾಗುತ್ತದೆ, ‘ಅ’ಕಾರವು ಸಿ ಅಕ್ಷರದ ಸ್ಥಾನದಲ್ಲಿದೆ. ಆದ್ದರಿಂದ ಸಾಮಾನ್ಯ ತಂತ್ರಾಂಶದಿಂದ ಅಕಾರಾದಿಯನ್ನು ಜೋಡಿಸಿದರೆ ಯಾದವರು ಅಶೋಕನಿಗಿಂತ ಮುಂಚೆ ಬಂದು ಕುಳಿತುಕೊಳ್ಳುತ್ತಾರೆ! ‘ಕರ್ನಾಟಕ’ ಎಂಬಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವ ಕ್ರಮದಂತೆ ‘ನಾ’ ಆದ ಮೇಲೆ ದಾಖಲಾಗಿರುತ್ತದೆಯೇ ಹೊರತು, ಉಚ್ಚಾರಣೆಯ ಕ್ರಮದಂತೆ ಮೊದಲಲ್ಲ. ಪಿಡಿಎಫ್ ಕಡತಗಳಲ್ಲಿ ಈ ದೋಷವು ಇನ್ನೂ ಗೂಢ. ಫಾಂಟು ಕಡತದೊಳಗೇ ಅಡಕವಾಗಿರುವುದರಿಂದ ಪುಟವು ನಿರ್ದುಷ್ಟವಾಗಿ ಕಾಣುತ್ತದೆ. ಆದರೆ ‘ಹೊಯ್ಸಳ’ ಎಂದು ಹುಡುಕಿದರೆ, ಪುಟಪುಟದಲ್ಲಿ ಹೊಯ್ಸಳರೇ ಇದ್ದರೂ, ಒಂದು ಉಲ್ಲೇಖವೂ ಸಿಕ್ಕುವುದಿಲ್ಲ. ಐದಾರು ವರ್ಷಗಳ ಶ್ರಮದ ಫಲವಾದ ಮಹಾಪ್ರಬಂಧವು ಹೀಗೆ ಭಂಡಾರದಲ್ಲಿದ್ದೂ ಇಲ್ಲದಂತಾಗುತ್ತದೆ.

ಇತಿಹಾಸದ ವಿದ್ಯಾರ್ಥಿಗೆ ಈ ಸ್ಥಿತಿ ಅಪರಿಚಿತವೇನಲ್ಲ. ಬ್ರಹ್ಮಗಿರಿಯ ಅಶೋಕ ಶಾಸನಗಳನ್ನು ಬಿ. ಎಲ್. ರೈಸ್ ಅವರು 1892ರಲ್ಲಿ ಬೆಳಕಿಗೆ ತಂದಾಗ ಅವುಗಳನ್ನು ಓದಲು ಸಾಧ್ಯವಾದುದು, ಜೇಮ್ಸ್ ಪ್ರಿನ್ಸೆಪ್ 1837ರ ವೇಳೆಗೆ ಬ್ರಾಹ್ಮೀ ಲಿಪಿಯ ಕೀಲಿಯನ್ನು ಕಂಡುಹಿಡಿದಿದ್ದುದರಿಂದ. ಅದಕ್ಕೆ ಮುನ್ನ ಅಶೋಕನ ಶಾಸನಗಳು ಬಯಲಿನಲ್ಲಿದ್ದೂ ಶತಮಾನಗಳ ಕಾಲ ಮೂಕವಾಗಿದ್ದವು. ಹಳೆಯ ಸಂಕೇತದ ಕಡತಕ್ಕೆ ಅದರ ಫಾಂಟೇ ಕೀಲಿ. ಅದು ಒಂದು ಪುಟ್ಟ ಕಡತ; ಯಂತ್ರವನ್ನು ಬದಲಾಯಿಸಿದಾಗ ಕಳೆದುಹೋಗುವುದಕ್ಕೆ ಶತಮಾನಗಳು ಬೇಕಾಗಿಲ್ಲ.

ಇಲ್ಲಿ ಒಂದು ಆಕ್ಷೇಪಣೆ ಬರಬಹುದು. ಮುದ್ರಣಾಲಯಗಳು ಹಳೆಯ ಫಾಂಟನ್ನೇ ಕೇಳುತ್ತವೆ, ನಾವೇನು ಮಾಡೋಣ ಎಂದು ಕೆಲವರು ಹೇಳುತ್ತಾರೆ. ಈ ಮಾತಿನಲ್ಲಿ ಸತ್ಯಾಂಶವಿಲ್ಲದಿಲ್ಲ. ಮುದ್ರಕರಿಗೆ ಬಹುಕಾಲ ರೂಢಿಯಾಗಿದ್ದ ಪೇಜ್‌ಮೇಕರಿನ ಕೊನೆಯ ಆವೃತ್ತಿ 2001ರದು. ಯೂನಿಕೋಡ್ ಕನ್ನಡವನ್ನು ಕೂಡಿಸುವ ಶಕ್ತಿ ಅದಕ್ಕಿಲ್ಲ. ಆದರೆ ಮುದ್ರಣದ ಅನುಕೂಲ ಬೇರೆ, ಮೂಲಪ್ರತಿಯ ರಕ್ಷಣೆ ಬೇರೆ. ಮುದ್ರಕರಿಗೆ ಬೇಕಾದ ರೂಪದಲ್ಲಿ ಒಂದು ಪ್ರತಿಯನ್ನು ಕೊಟ್ಟು, ಯೂನಿಕೋಡಿನ ಮೂಲವನ್ನು ತಮ್ಮಲ್ಲಿ ಇಟ್ಟುಕೊಳ್ಳುವುದಕ್ಕೆ ಯಾರ ಅಡ್ಡಿಯೂ ಇಲ್ಲ. ಈಗಾಗಲೇ ಇರುವ ಹಳೆಯ ಕಡತಗಳನ್ನು ಯೂನಿಕೋಡಿಗೆ ತಿರುಗಿಸುವ ಪರಿವರ್ತಕಗಳೂ ದೊರೆಯುತ್ತವೆ. ಪರಿವರ್ತಿಸಿದ ಪಾಠವನ್ನು ಮೂಲದೊಡನೆ ಹೋಲಿಸಿ ತಿದ್ದುವುದು ಮಾತ್ರ ಅನಿವಾರ್ಯ. ಏಕೆಂದರೆ ನಡುವೆ ಬಂದ ಇಂಗ್ಲಿಷ್ ಪದಗಳು ಅರ್ಥವಿಲ್ಲದ ಕನ್ನಡವಾಗಿ ಮಾರ್ಪಡುವುದುಂಟು. ಹಸ್ತಪ್ರತಿಗಳನ್ನು ಸಂಪಾದಿಸುವವರಿಗೆ ಈ ಶ್ರಮ ಹೊಸದಲ್ಲ.

ಒಟ್ಟಿನಲ್ಲಿ, ‘ಫಾಂಟು ಯಾವುದು?’ ಎಂದು ಕೇಳುವ ಮೊದಲು ‘ಪಾಠ ಯಾವ ಸಂಕೇತದಲ್ಲಿದೆ?’ ಎಂದು ಕೇಳತಕ್ಕದ್ದು. ಪರೀಕ್ಷೆ ಸುಲಭ. ಕಡತದ ಒಂದು ಸಾಲನ್ನು ನಕಲು ಮಾಡಿ, ನೋಟ್‌ಪ್ಯಾಡಿನಂಥ ಸಾದಾ ಬರಹದ ತಂತ್ರಾಂಶದಲ್ಲಿ ಇಳಿಸಿ ನೋಡುವುದು. ಅಲ್ಲಿಯೂ ಕನ್ನಡವಾಗಿಯೇ ಉಳಿದರೆ ಅದು ಯೂನಿಕೋಡ್. ರೋಮನ್ ಅಕ್ಷರಗಳಾಗಿ ಒಡೆದರೆ ಹಳೆಯ ಸಂಕೇತ. ಮಹಾಪ್ರಬಂಧವನ್ನು ಬೆರಳಚ್ಚಿಗೆ ಕೊಡುವ ದಿನವೇ ವಿದ್ಯಾರ್ಥಿಗಳು ಈ ಪರೀಕ್ಷೆಯನ್ನು ಮಾಡುವಂತೆ ಮಾರ್ಗದರ್ಶಕರು ವಿಧಿಸಬೇಕೆಂದೂ, ವಿಭಾಗಗಳು ತಮ್ಮಲ್ಲಿರುವ ಹಳೆಯ ಕಡತಗಳನ್ನು ಅವುಗಳ ಫಾಂಟುಗಳು ಇನ್ನೂ ದೊರೆಯುತ್ತಿರುವಾಗಲೇ ಪರಿವರ್ತಿಸಿ ಇಡಬೇಕೆಂದೂ ನಮ್ಮ ಅಭಿಪ್ರಾಯ.