ನೀರಿನ ದಂಡೆಯ ಪದಗಳು

ಹಳ್ಳಿಖೇಡ (ಬಿ)ಯಿಂದ ಹುಮನಾಬಾದಿಗೆ, ಅಲ್ಲಿಂದ ಬಸವಕಲ್ಯಾಣಕ್ಕೆ ಹೋಗುವಾಗ ತೊಗರಿ, ಸೋಯಾ ಹೊಲಗಳ ನಡುವೆ ಕಬ್ಬೂ ಕಾಣುತ್ತದೆ. ಕಬ್ಬು ಕಂಡವರಿಗೆ ಇದು ನೀರಿನ ಸೀಮೆ ಅನ್ನಿಸಬಹುದು. ಪದ ಕೇಳಿದವರಿಗೆ ಹಾಗನ್ನಿಸುವುದಿಲ್ಲ. ಈ ಭಾಗದ ಪದಗಳು ಮುಗಿಲು ನೋಡಿ ಬಿತ್ತಿದವರವು. ಅವುಗಳಲ್ಲಿ ಎದೆಗೆ ನಾಟುವ ಕಥೆಗಳು ಮತ್ತೆ ಮತ್ತೆ ನೀರಿನ ದಂಡೆಗೇ ಬಂದು ನಿಲ್ಲುತ್ತವೆ.

ಬೀಸುಕಲ್ಲಿನ ಪದಗಳ ಮಾತು ಬೇರೆ. ಹಲಸಂಗಿಯ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ಹೊರತಂದಾಗ ಓದುಬಲ್ಲ ಕನ್ನಡಿಗರು ಬೆರಗಾದದ್ದು ಆ ತ್ರಿಪದಿಗಳಿಗೆ. ತವರು, ಅಣ್ಣ, ತೊಟ್ಟಿಲ ಕೂಸು: ಮೂರು ಸಾಲಿನಲ್ಲಿ ಒಂದು ಬದುಕು ಮಿಂಚಿ ಹೋಗುತ್ತದೆ. ಕಥೆ ಬೇಕಾದವರು ಕಥನಗೀತೆಗೇ ಹೋಗಬೇಕು.

‘ಕೆರೆಗೆ ಹಾರ’ವನ್ನೇ ನೋಡಿ. ಕಲ್ಲನಕೇರಿ ಮಲ್ಲನಗೌಡ ಕಟ್ಟಿಸಿದ ಕೆರೆಗೆ ಹನಿ ನೀರು ಬರಲಿಲ್ಲ. ಸೊಸೆಯನ್ನು ಹಾರ (ಬಲಿ) ಕೊಡಬೇಕೆಂದು ಶಾಸ್ತ್ರದ ಹೊತ್ತಿಗೆ ಹೇಳಿತು. ಹಿರಿಯ ಸೊಸೆ ಹೋದರೆ ಮನೆಯ ಹಿರಿತನಕ್ಕೆ ಯಾರು? ಕಿರಿಯವಳು ಭಾಗೀರಥಿ ಸಾಕು. ಸುದ್ದಿ ತಿಳಿದವಳು ತವರಿಗೆ ಓಡುತ್ತಾಳೆ. ಆದರೆ ಅಪ್ಪನಿಗೂ ಅವ್ವನಿಗೂ ನಿಜ ಹೇಳುವುದಿಲ್ಲ, ಅತ್ತೆ ಮಾವ ಬೇರೆ ಇಡುತ್ತಾರಂತೆ ಎನ್ನುತ್ತಾಳೆ. ಅಪ್ಪ ಹೊಲಮನೆ ಕೊಡುವ ಮಾತಾಡುತ್ತಾನೆ, ಅವ್ವ ಒಡವೆ ಕೊಡುವ ಮಾತಾಡುತ್ತಾಳೆ. ನಿಜ ಗೊತ್ತಾಗುವುದು ಗೆಳತಿಗೆ ಮಾತ್ರ. ಆಕೆಗೂ ಬಿಡಿಸುವ ದಾರಿ ಗೊತ್ತಿಲ್ಲ. ಕೊನೆಗೆ ಮನೆಯವರೊಂದಿಗೆ ಗಂಗೆಪೂಜೆ ಮುಗಿಸಿ ಬರುವಾಗ, ದಂಡೆಯಲ್ಲಿ ಬಿಟ್ಟು ಬಂದ ಬಂಗಾರದ ಘಂಗಾಳ ತರಲು ಒಬ್ಬಳೇ ಹಿಂದಿರುಗುತ್ತಾಳೆ, ನೀರು ಪಾದದಿಂದ ಮೇಲೇರುತ್ತದೆ. ದಂಡಿನಿಂದ ಬಂದ ಗಂಡ ಮಾದೇವರಾಯನೂ ಅದೇ ಕೆರೆಗೆ ಹಾರುತ್ತಾನೆ. ಇಡೀ ಪದದಲ್ಲಿ ಒಬ್ಬರೂ ಏರುದನಿಯಲ್ಲಿ ಮಾತಾಡುವುದಿಲ್ಲ. ಹಾಡುವವರು ಇಲ್ಲಿ ಅಳುಕಂಠ ತಂದರೆ ನನಗೆ ಸಂಕಟವಾಗುತ್ತದೆ. ಒಂದೇ ಮಟ್ಟಿನಲ್ಲಿ, ಮನೆಗೆಲಸದ ಲೆಕ್ಕ ಹೇಳಿದಂತೆ ಹೇಳಿಕೊಂಡು ಹೋದಾಗಲೇ ಅದರ ಘೋರ ತಿಳಿಯುವುದು.

ಈಗ ಮೊಹರಂ ರಾತ್ರಿಗೆ ಬನ್ನಿ. ಬೀದರ, ಕಲಬುರಗಿ ಕಡೆಯ ಹಳ್ಳಿಗಳಲ್ಲಿ ಅಲಾಯಿ ದೇವರ ಮುಂದೆ ಹೆಜ್ಜೆ ಹಾಕುವವರಲ್ಲಿ, ಮೊಹರಮ್ಮಿನ ಕಥನಪದವಾದ ರಿವಾಯತ್ ಹೇಳುವವರಲ್ಲಿ ಹಿಂದೂಗಳೂ ಇರುತ್ತಾರೆ. ಕ್ರಿ.ಶ. 680ರಲ್ಲಿ ಕರ್ಬಲಾದಲ್ಲಿ ನಡೆದದ್ದು ಕನ್ನಡದ ಪದವಾಗಿದೆ. ಯೂಫ್ರೆಟಿಸ್ ನದಿ ಹತ್ತಿರವೇ ಹರಿಯುತ್ತಿದ್ದರೂ ದೊರೆ ಯಜೀದನ ದಂಡು ಪ್ರವಾದಿಯವರ ಮೊಮ್ಮಗ ಹುಸೇನರ ಬಿಡಾರಕ್ಕೆ ನೀರು ಬಿಡಲಿಲ್ಲ. ಮಕ್ಕಳಿಗೆ ನೀರು ತರಲು ಚರ್ಮದ ಚೀಲ ಹಿಡಿದು ಹೋದ ಹುಸೇನರ ತಮ್ಮ ಅಬ್ಬಾಸರ ತೋಳುಗಳನ್ನೇ ಕಡಿದರು. ಇನ್ನು ಖಾಸೀಮನ ಮದುವೆ. ಹುಸೇನರ ಅಣ್ಣ ಹಸನರ ಮಗ, ಎಳೆಯ ಹುಡುಗ. ಮದುಮಗನ ಉಡುಪಿನಲ್ಲೇ ರಣಕ್ಕೆ ಹೋದನೆಂದು ಪದ ಹೇಳುತ್ತದೆ. ಹಳೆಯ ಇತಿಹಾಸಗಳಲ್ಲಿ ಈ ಮದುವೆ ಇಲ್ಲ. ದುಃಖವನ್ನು ಮನೆಯೊಳಗೆ ತಂದುಕೊಳ್ಳಲು ಹಾಡುಗಾರರಿಗೆ ಅದು ಬೇಕಾಗಿತ್ತು. ಭಾಗೀರಥಿಯ ಕಥೆ ಬಲ್ಲ ಊರಿಗೆ ಈ ಮದುಮಗ ಪರಕೀಯನಾಗುವುದು ಹೇಗೆ?

ಎರಡರಲ್ಲಿ ಹೆಚ್ಚು ಕಠಿಣವಾದದ್ದು ಕೆರೆಗೆ ಹಾರವೇ ಎಂದು ನನ್ನ ತೀರ್ಮಾನ. ಕರ್ಬಲಾದಲ್ಲಿ ಬಯ್ಯಲು ಒಬ್ಬ ಯಜೀದನಿದ್ದಾನೆ. ಭಾಗೀರಥಿಗೆ ಹಗೆಗಳೇ ಇಲ್ಲ, ಇರುವವರೆಲ್ಲ ಮನೆಯವರು.

ನಡುವೆ ಸ್ವಲ್ಪ ನಗಬೇಕೆನ್ನುವವರಿಗೆ ಗಂಗೆ ಗೌರಿಯರ ಪದಗಳಿವೆ. ಸವತಿಯರ ಜಗಳದಲ್ಲಿ ಗಂಗೆ ನೀರನ್ನೆಲ್ಲ ಬಚ್ಚಿಡುತ್ತಾಳೆ, ಮೀಯಲು ನೀರಿಲ್ಲದ ಗೌರಿ ಬಿಂಕ ಬಿಟ್ಟು ಬೇಡಬೇಕಾಗುತ್ತದೆ. ಶಿವನ ಮನೆಯಲ್ಲೂ ನೀರಿಗೆ ಪರದಾಟ!

ಈಗ ಮೊಬೈಲಿನಲ್ಲಿ ಹರಿದಾಡುವುದು ಬರೀ ಹೆಜ್ಜೆ, ಹಲಗೆ, ಒಂದೆರಡು ನುಡಿ. ಅಬ್ಬಾಸರು ನದಿ ಮುಟ್ಟುವ ಮೊದಲೇ ವಿಡಿಯೋ ಮುಗಿದಿರುತ್ತದೆ. ಬರುವ ಮೊಹರಮ್ಮಿಗೆ ಬೆಂಕಿ ಹಾಕುವ ಅಲಾಯಿ ಕುಣಿಯ ಬಳಿ ಕೊನೆಯ ನುಡಿವರೆಗೂ ಕೂತು ಕೇಳಿ. ಪದ ಕಟ್ಟಿದವನು ತನ್ನ ಹೆಸರು, ಊರು, ಗುರುವಿನ ಹೆಸರು ಸೇರಿಸುವ ವಾಡಿಕೆ ಇರುವುದು ಆ ನುಡಿಯಲ್ಲೇ. ಅದನ್ನು ಬರೆದುಕೊಳ್ಳಿ.