ಮೆಟ್ಟಿಲೆಷ್ಟು ಎಂದು ಮೊದಲು ಕೇಳುವವರು

ಅಮೆರಿಕದಲ್ಲಿ ಒಂದು ರಾಜ್ಯದಿಂದ ಇನ್ನೊಂದಕ್ಕೆ ಮನೆ ಬದಲಿಸುವವರು ಪೂರ್ತಿ ವಿಮೆಯ ದುಡ್ಡು ಉಳಿಸಬೇಕೆಂದರೆ ಒಂದು ಕಾಗದಕ್ಕೆ ಸಹಿ ಹಾಕಿದರೆ ಸಾಕು. ಆಮೇಲೆ ಸಾಮಾನು ಹಾಳಾದರೆ ಸಿಗುವ ಪರಿಹಾರದ ಲೆಕ್ಕ ಬಲು ಸರಳ: ಪೌಂಡಿಗೆ 60 ಸೆಂಟ್. ಹಳೇ ಸೋಫಾಗೂ ಅಷ್ಟೇ, ಪಿಯಾನೊಗೂ ಅಷ್ಟೇ. ಸ್ಟೈನ್‌ವೇ ಕಂಪನಿಯ ಸಂಗೀತ ಕಛೇರಿಯ ಪಿಯಾನೊ ‘ಮಾಡೆಲ್ ಡಿ’ 990 ಪೌಂಡ್ ತೂಗುತ್ತದೆ. ಹೊಸದರ ಬೆಲೆ ಒಂದೂವರೆ ಲಕ್ಷ ಡಾಲರ್ ದಾಟಿ ಬಹುಕಾಲವಾಯಿತು. ಅದು ಲಾರಿಯಿಂದ ಬಿದ್ದು ಚೂರಾದರೆ ಒಡೆಯನ ಕೈಗೆ ಬರುವುದು 594 ಡಾಲರ್.

ತೂಕ ನೋಡಿ ಬೆಲೆ ಕಟ್ಟುವ ಈ ಲೆಕ್ಕ ನಮ್ಮಲ್ಲೂ ಇದೆ, ಕಾಗದದ ಮೇಲಲ್ಲ, ತಲೆಯಲ್ಲಿ. ಪಿಯಾನೊ ಸಾಗಿಸಬೇಕೆಂದರೆ ‘ಭಾರ ಇದೆ, ಇನ್ನಿಬ್ಬರು ಹುಡುಗರನ್ನು ಕಳಿಸ್ತೀವಿ ಬಿಡಿ ಸಾರ್’ ಎಂಬ ಉತ್ತರ ಸಾಮಾನ್ಯ ಪ್ಯಾಕರ್ಸ್ ಅಂಡ್ ಮೂವರ್ಸ್ ಕಡೆಯಿಂದ ತಕ್ಷಣ ಬರುತ್ತದೆ. ಭಾರ ಹೊರುವ ಮಾತಿಗೆ ನಮ್ಮ ಹಮಾಲರನ್ನು ಮೀರಿಸಿದವರಿಲ್ಲ, ನಿಜ. ಗಾಡ್ರೆಜ್ ಬೀರು, ಗ್ರಾನೈಟ್ ಚಪ್ಪಡಿಗಳನ್ನು ಮೂರನೇ ಮಹಡಿಗೆ ಏರಿಸುವ ಅವರಿಗೆ 230 ಕೆ.ಜಿ. ದೊಡ್ಡದೇನಲ್ಲ. ಯಮಾಹಾ ‘ಯು1’ ಎಂಬ, ಬೀರುವಿನಂತೆ ನೆಟ್ಟಗೆ ನಿಲ್ಲುವ ಅಪ್‌ರೈಟ್ ಪಿಯಾನೊ ಸುಮಾರು ಅಷ್ಟೇ ತೂಗುವುದು. ಆದರೆ ಪಿಯಾನೊ ಕೆಡುವುದು ಭಾರದಿಂದಲ್ಲ, ತಿರುವಿನಲ್ಲಿ.

ಒಳಗೇನಿದೆ ಎಂದು ಒಮ್ಮೆ ನೋಡಿದರೆ ಕಾರಣ ಹೊಳೆಯುತ್ತದೆ. ಸುಮಾರು 230 ಉಕ್ಕಿನ ತಂತಿಗಳು ಒಟ್ಟು 18ರಿಂದ 20 ಟನ್ ಬಲದಲ್ಲಿ ಹಗಲೂ ರಾತ್ರಿ ಎಳೆಯುತ್ತಿರುತ್ತವೆ. ಆ ಎಳೆತವನ್ನು ತಡೆಯುವುದು ಬೀಡು ಕಬ್ಬಿಣದ ಒಂದೇ ಎರಕದ ಚೌಕಟ್ಟು. 1825ರಲ್ಲಿ ಬಾಸ್ಟನ್‌ನ ಆಲ್ಫಿಯಸ್ ಬ್ಯಾಬ್‌ಕಾಕ್ ಇದಕ್ಕೆ ಪೇಟೆಂಟ್ ಪಡೆದ. ಬೀಡು ಒತ್ತಡವನ್ನು ಎಷ್ಟು ಬೇಕಾದರೂ ತಾಳುತ್ತದೆ. ಪೆಟ್ಟನ್ನು ಮಾತ್ರ ತಾಳುವುದಿಲ್ಲ. ಬಾಗುವ ಗುಣವೇ ಇಲ್ಲದ್ದರಿಂದ ನೇರ ಬಿರಿಯುತ್ತದೆ. ಮರ ಸೀಳಿದರೆ ಅಂಟು ಹಾಕಬಹುದು, ಪಾಲಿಶ್ ಹೋದರೆ ಮತ್ತೆ ಹೊಡೆಸಬಹುದು. ಚೌಕಟ್ಟು ಬಿರಿದ ಪಿಯಾನೊ ಬಹುಮಟ್ಟಿಗೆ ಮುಗಿದ ಹಾಗೆ.

2020ರ ಜನವರಿ ಕೊನೆಯಲ್ಲಿ ಬರ್ಲಿನ್‌ನಲ್ಲಿ ಆದದ್ದು ಇದೇ. ಕೆನಡಾ ಮೂಲದ ಪಿಯಾನೊ ವಾದಕಿ ಆ್ಯಂಜೆಲಾ ಹ್ಯೂವಿಟ್ ಬೇಥೋವನ್ ರಚನೆಗಳ ಧ್ವನಿಮುದ್ರಣ ಮುಗಿಸಿದ್ದರು. ಮುದ್ರಣ ಕೊಠಡಿಯಿಂದ ಅವರ ಫಜಿಯೋಲಿ ಪಿಯಾನೊವನ್ನು ಹೊರಗೆ ತರುವಾಗ ಸಾಗಣೆಯವರ ಕೈ ತಪ್ಪಿತು. ನಾಲ್ಕು ಪೆಡಲ್‌ಗಳ ಆ ಮಾದರಿ ಜಗತ್ತಿಗೆ ಒಂದೇ ಎಂದು ಅವರು ಹೇಳಿಕೊಂಡಿದ್ದರು. 2003ರಿಂದ ಅವರ ಬಹುಪಾಲು ಧ್ವನಿಮುದ್ರಣಗಳಲ್ಲಿ ಕೇಳಿಸುವುದೂ ಅದೇ. ತಯಾರಕ ಪಾವೊಲೊ ಫಜಿಯೋಲಿ ತಾವೇ ನೋಡಿ ಕೈ ಚೆಲ್ಲಿದರು: ಚೌಕಟ್ಟು ಒಡೆದಿದೆ, ರಿಪೇರಿಯಲ್ಲಿ ಅರ್ಥವಿಲ್ಲ. ಪಿಯಾನೊ ಸಾಗಿಸುವುದೇ ಕಸುಬಾಗಿದ್ದವರ ಕೈಯಲ್ಲೇ ಹೀಗಾಯಿತು ಎನ್ನುವುದನ್ನೂ ಮರೆಯುವಂತಿಲ್ಲ. ಪರಿಣತರನ್ನು ಕರೆಸಿದರೆ ಅಪಾಯ ಕಡಿಮೆಯಾಗುತ್ತದೆ ಅಷ್ಟೇ, ಇಲ್ಲವಾಗುವುದಿಲ್ಲ. ಹ್ಯೂವಿಟ್ ಅವರಿಗೆ ವಿಮೆ ಇತ್ತು. ಹೊಸ ಪಿಯಾನೊ ಬಂತು.

ಪಿಯಾನೊ ವಾದಕ ಗ್ಲೆನ್ ಗೂಲ್ಡ್ ಕತೆ ಇದಕ್ಕಿಂತ ಬೇಸರದ್ದು. ಟೊರಾಂಟೊದ ಈಟನ್ಸ್ ಮಳಿಗೆಯಲ್ಲಿ ಸಿಕ್ಕ ‘ಸಿಡಿ 318’ ಎಂಬ ಸ್ಟೈನ್‌ವೇಯನ್ನು ಆತ ಎಷ್ಟು ಹಚ್ಚಿಕೊಂಡಿದ್ದನೆಂದರೆ, ಬೇರೆ ಪಿಯಾನೊ ಮುಂದೆ ಕೂರುವುದೇ ಕಷ್ಟ ಎನ್ನುವಷ್ಟು. ಬಹುಮಟ್ಟಿಗೆ ದೃಷ್ಟಿಯಿಲ್ಲದ ವರ್ನ್ ಎಡ್‌ಕ್ವಿಸ್ಟ್ ಎಂಬ ಟ್ಯೂನರ್ ವರ್ಷಗಟ್ಟಲೆ ಅದನ್ನು ಗೂಲ್ಡ್‌ನ ಬೆರಳಿಗೆ ತಕ್ಕ ಹಾಗೆ ಪಳಗಿಸಿದ್ದರು. 1971ರಲ್ಲಿ ಕ್ಲೀವ್‌ಲ್ಯಾಂಡ್‌ಗೆ ಹೋಗಿ ಟೊರಾಂಟೊಗೆ ವಾಪಸಾಗುವ ಹಾದಿಯಲ್ಲಿ ಅದು ಬಿತ್ತು. ಚೌಕಟ್ಟು ಬಿರಿದಿತ್ತು. ಸ್ಟೈನ್‌ವೇಯವರು ಹೊಸ ಚೌಕಟ್ಟು ಕೂರಿಸಿಕೊಟ್ಟರು, ಎಡ್‌ಕ್ವಿಸ್ಟ್ ಮತ್ತೆ ಮತ್ತೆ ತಿದ್ದಿದರು, ಗೂಲ್ಡ್ ಹಟ ಹಿಡಿದು ವರ್ಷಗಳವರೆಗೆ ನುಡಿಸಿದ. ಹಳೆಯ ಸ್ಪರ್ಶ ಮರಳಲೇ ಇಲ್ಲ. 1981ರ ಹೆಸರಾಂತ ‘ಗೋಲ್ಡ್‌ಬರ್ಗ್ ವೇರಿಯೇಷನ್ಸ್’ ಧ್ವನಿಮುದ್ರಣ ಯಮಾಹಾದಲ್ಲಿ ನಡೆಯಿತು.

ಹಾಗಾದರೆ ಕಸುಬು ಬಲ್ಲವರು ಮಾಡುವುದೇನು? ಮೂರು ಕಾಲಿನ ಗ್ರ್ಯಾಂಡ್ ಪಿಯಾನೊ ಒಂದನ್ನು ಅವರು ಮಲಗಿಸುವ ರೀತಿಯನ್ನು ಹತ್ತಿರ ನಿಂತು ನೋಡಬೇಕು. ಮೊದಲು ಮೇಲಿನ ಮುಚ್ಚಳ ಬಿಚ್ಚಿ ಕಂಬಳಿ ಸುತ್ತಿ ಬದಿಗಿಡುತ್ತಾರೆ. ಬಳಿಕ ಒಬ್ಬ ಅಂಗಾತ ಕೆಳಗೆ ಸರಿದು ಪೆಡಲ್‌ಗಳ ಗೂಡನ್ನು ಕಳಚುತ್ತಾನೆ. ಬಿಚ್ಚಿದ ತಿರುಪುಗಳು ಚೀಲವೊಂದಕ್ಕೆ, ಚೀಲದ ಮೇಲೆ ಗುರುತು. ಪಿಯಾನೊದ ಎಡ ಮಗ್ಗುಲು, ಅಂದರೆ ಮಂದ್ರದ ತಂತಿಗಳಿರುವ ಕಡೆ, ನೇರವಾಗಿರುತ್ತದೆ. ಆ ಮಗ್ಗುಲಿನ ಉದ್ದಕ್ಕೆ ಮೆತ್ತೆ ಹೊದಿಸಿದ ದಪ್ಪ ಹಲಗೆಯೊಂದನ್ನು ನೆಲಕ್ಕೆ ಹಾಸುತ್ತಾರೆ. ಇಬ್ಬರು ಮುಂಭಾಗದ ಎಡ ಮೂಲೆಗೆ ಹೆಗಲು ಕೊಟ್ಟಾಗ ಮೂರನೆಯವನು ಆ ಮೂಲೆಯ ಕಾಲನ್ನು ಬಿಚ್ಚುತ್ತಾನೆ. ಮೂಲೆ ಮೆಲ್ಲಗೆ ಇಳಿದು ಹಲಗೆ ಮುಟ್ಟುತ್ತದೆ. ಇಡೀ ಪಿಯಾನೊ ಅದೇ ಅಂಚಿನ ಮೇಲೆ ಹೊರಳಿ ಗೋಡೆಯಂತೆ ನೆಟ್ಟಗೆ ನಿಲ್ಲುತ್ತದೆ. ಈಗ ಉಳಿದೆರಡು ಕಾಲುಗಳು ಗಾಳಿಯಲ್ಲಿವೆ, ಬಿಚ್ಚುವುದು ಸಲೀಸು. ಒಂದು ಕಾಲು ಇನ್ನೊಂದರ ಜಾಗಕ್ಕೆ ಸರಿಯಾಗಿ ಕೂರದಿರಬಹುದೆಂದು ಅವಕ್ಕೂ ಗುರುತು ಹಾಕುತ್ತಾರೆ. ಕಂಬಳಿ, ಅದರ ಮೇಲೆ ಬೆಲ್ಟು, ಹಲಗೆಯ ಸಮೇತ ಬಿಗಿತ. ಒಂದು ತುದಿ ಎತ್ತಿ ಅಡಿಗೆ ಚಕ್ರದ ಡಾಲಿ ತಳ್ಳಿದರೆ ಅರ್ಧ ಟನ್ ಹತ್ತಿರದ ವಾದ್ಯ ಒಬ್ಬನ ಕೈಯೊತ್ತಿಗೆ ಉರುಳುತ್ತದೆ.

ಈ ಕೆಲಸದಲ್ಲಿ ಎಲ್ಲರೂ ಒಟ್ಟಿಗೆ ‘ಐಸಾ’ ಎಂದು ಕೂಗಿ ಮೀಟುವ ಘಳಿಗೆಯೇ ಬರುವುದಿಲ್ಲ. ನಡೆಯುವುದು ಒಬ್ಬನ ಮಾತು ಮಾತ್ರ. ಅವನು ‘ನಿಲ್ಲು’ ಎಂದರೆ ಮಿಕ್ಕವರು ನಿಲ್ಲಬೇಕು, ಯಾಕೆ ಎಂದು ಕೇಳಬಾರದು.

ಕಾಲುಗಳನ್ನು ಹಾಗೇ ಬಿಟ್ಟು ಗ್ರ್ಯಾಂಡನ್ನು ನೆಲದ ಮೇಲೆ ತಳ್ಳಿಕೊಂಡು ಹೋಗುವವರಿದ್ದಾರೆ. ಆ ಕಾಲುಗಳಿರುವುದು ಮೇಲಿನ ಭಾರ ಹೊರಲು, ಅಡ್ಡ ಎಳೆತಕ್ಕಲ್ಲ. ಗ್ರಾನೈಟ್ ನೆಲದ ಸಂದಿಗೆ ಚಕ್ರ ಸಿಕ್ಕಿಬಿದ್ದರೆ ಕಾಲು ಮುರಿಯುತ್ತದೆ. ಅಪ್‌ರೈಟ್‌ನ ಪುಟ್ಟ ಹಿತ್ತಾಳೆ ಚಕ್ರಗಳೂ ಗೋಡೆಯಿಂದ ಒಂದಡಿ ಸರಿಸಿ ಗುಡಿಸುವುದಕ್ಕೆ ಸಾಕು, ಹಜಾರ ದಾಟಿಸಲು ಅಲ್ಲ. ಅಪ್‌ರೈಟ್‌ನ ಭಾರವೆಲ್ಲ ಬೆನ್ನಿನಲ್ಲಿ, ಅದೂ ಮೇಲ್ಭಾಗದಲ್ಲಿರುವುದರಿಂದ ಹಿಂದಕ್ಕೆ ವಾಲಿದರೆ ಹಿಡಿದು ನಿಲ್ಲಿಸುವುದು ಕಷ್ಟ. ಮೆಟ್ಟಿಲಲ್ಲಿ ಕೆಳಗಡೆ ನಿಂತವನ ಕಾಲಿಗೇ ಅದು ಬರುತ್ತದೆ. ಪಿಯಾನೊಗಿಂತ ಮೊದಲು ಮನುಷ್ಯರ ಬೆರಳು, ಮೊಣಕಾಲುಗಳ ವಿಮೆ ಇದೆಯೇ ಎಂದು ಕೇಳುವುದು ಒಳ್ಳೆಯದು.

ಮೆಟ್ಟಿಲಿನ ಮಾತು ಬಂದಾಗ ಲಾರೆಲ್–ಹಾರ್ಡಿ ಜೋಡಿಯ 1932ರ ‘ದಿ ಮ್ಯೂಸಿಕ್ ಬಾಕ್ಸ್’ ನೆನಪಾಗದೆ ಇರದು. ಲಾಸ್ ಏಂಜಲೀಸ್‌ನಲ್ಲಿ ಇಂದಿಗೂ ಇರುವ 133 ಮೆಟ್ಟಿಲುಗಳ ಮೇಲೆ ಪಿಯಾನೊ ಪೆಟ್ಟಿಗೆಯನ್ನು ಇಬ್ಬರೂ ಏರಿಸುತ್ತಾರೆ, ಅದು ಜಾರಿ ಇಳಿಯುತ್ತದೆ, ಮತ್ತೆ ಏರಿಸುತ್ತಾರೆ. ಕಿರುಚಿತ್ರಕ್ಕೆ ಆಸ್ಕರ್ ಬಂತು. ಬೀಳುವ ಪೆಟ್ಟಿಗೆಗಿಂತ ಸೊಗಸಾದದ್ದು ಆಮೇಲಿನ ದೃಶ್ಯ. ಬೆವರಿಳಿಸಿ ಮೇಲೆ ತಲುಪಿದವರಿಗೆ ಅಂಚೆಯವನು ತಿಳಿಸುತ್ತಾನೆ: ಆ ಬದಿಯಿಂದ ಮನೆ ಬಾಗಿಲವರೆಗೂ ಗಾಡಿ ಬರುವ ರಸ್ತೆ ಇದೆಯಲ್ಲ! ಇಬ್ಬರೂ ಪೆಟ್ಟಿಗೆಯನ್ನು ಪುನಃ ಕೆಳಗಿಳಿಸಿ ರಸ್ತೆಯಿಂದ ತರುತ್ತಾರೆ.

ಪಿಯಾನೊ ಸಾಗಿಸುವವರನ್ನು ಆರಿಸುವಾಗ ನೋಡಬೇಕಾದ್ದು ಇಷ್ಟೇ: ದರ ಹೇಳುವ ಮೊದಲು ಅವರು ಎಷ್ಟು ಕೇಳುತ್ತಾರೆ? ಯಾವ ಕಂಪನಿಯ ಪಿಯಾನೊ, ಮಾದರಿ ಯಾವುದು, ಎತ್ತರವೆಷ್ಟು, ಉದ್ದವೆಷ್ಟು. ಮೆಟ್ಟಿಲೆಷ್ಟು, ನೇರವೋ ತಿರುವೋ, ತಿರುವಿನಲ್ಲಿ ನಿಲ್ಲಲು ಜಾಗವಿದೆಯೋ. ಬಾಗಿಲಿನ ರೆಕ್ಕೆ ಕಳಚಬಹುದೇ. ಲಾರಿ ಗೇಟಿನವರೆಗೆ ಬರುತ್ತದೋ, ಬೀದಿ ತುದಿಯಲ್ಲೇ ನಿಲ್ಲಬೇಕೋ. ಬೆಂಗಳೂರಾದರೆ ಇನ್ನೂ ಒಂದು: ಸಾಮಾನು ಶಿಫ್ಟ್ ಮಾಡಲು ನಿಮ್ಮ ಅಸೋಸಿಯೇಷನ್ ಯಾವ ಹೊತ್ತಿಗೆ ಬಿಡುತ್ತದೆ? ಇದೆಲ್ಲ ಕೇಳುವವರು ಫೋಟೊ, ವಿಡಿಯೊ ಕಳಿಸಿ ಎನ್ನುತ್ತಾರೆ. ಗ್ರ್ಯಾಂಡ್ ಆದರೆ ಹಿಂದಿನ ದಿನವೇ ಟೇಪ್ ಹಿಡಿದು ಬರುತ್ತಾರೆ. ಏನೂ ಕೇಳದೆ ಫೋನಲ್ಲೇ ರೇಟು ಹೇಳಿದವರಿಗೆ ನಮಸ್ಕಾರ ಹೇಳಿ ಫೋನ್ ಇಡಬಹುದು.

ಲಿಫ್ಟ್ ಇದೆ, ಚಿಂತೆಯಿಲ್ಲ ಎನ್ನುವ ಮನೆಯವರಿಗೂ ಟೇಪು ಬೇಕು. ನಮ್ಮ ದೇಶದಲ್ಲಿ ಲಿಫ್ಟಿನ ಸಾಮರ್ಥ್ಯ ಲೆಕ್ಕ ಹಾಕುವುದು ತಲೆಗೆ 68 ಕೆ.ಜಿ.ಯಂತೆ. ಎಂಟು ಜನರ ಲಿಫ್ಟಿನ ಫಲಕದಲ್ಲಿ 544 ಕೆ.ಜಿ. ಎಂದಿರುತ್ತದೆ. ಅಪ್‌ರೈಟ್ ಪಿಯಾನೊ, ಜತೆಗೆ ಇಬ್ಬರು ಆಳುಗಳು: ತೂಕದಲ್ಲಿ ಯಾವ ತಕರಾರೂ ಇಲ್ಲ. ಆದರೆ ಅಂಥ ಲಿಫ್ಟಿನ ಒಳ ಅಳತೆ ಸಾಮಾನ್ಯವಾಗಿ 130 ಸೆಂ.ಮೀ. ಅಗಲ, 110 ಸೆಂ.ಮೀ. ಆಳ. ‘ಯು1’ ಉದ್ದ ಸುಮಾರು 153 ಸೆಂ.ಮೀ. ಕರ್ಣಕ್ಕೆ ಓರೆಯಾಗಿ ಇಟ್ಟರೂ ಹಿಡಿಸದು. ಪಿಯಾನೊವನ್ನು ಅದರ ಪಕ್ಕದ ಮೇಲೆ ನಿಲ್ಲಿಸಿದರೆ ಮಾತ್ರ ಒಳಗೆ ಹೋದೀತು. ನಡು ಹಜಾರದಲ್ಲಿ 230 ಕೆ.ಜಿ.ಯನ್ನು ಎಲ್ಲೂ ವಾಲದಂತೆ ಎತ್ತಿ ನಿಲ್ಲಿಸುವುದು ಅದೇ ಕಸುಬಿನವರ ಕೆಲಸ. ಹದಿಮೂರು ಜನರ, ಉದ್ದನೆಯ ಲಿಫ್ಟ್ ಇರುವ ಕಟ್ಟಡದವರು ಪುಣ್ಯವಂತರು.

ಮೆಟ್ಟಿಲೂ ಲಿಫ್ಟೂ ಎರಡೂ ಆಗದಿದ್ದರೆ ಉಳಿಯುವುದು ಕಿಟಕಿ. ಆಮ್‌ಸ್ಟರ್‌ಡ್ಯಾಮ್‌ನವರು ಇದಕ್ಕೆ ಹೆಸರುವಾಸಿ. ಕಾಲುವೆ ಬದಿಯ ಹಳೇ ಮನೆಗಳ ಮೆಟ್ಟಿಲು ಏಣಿಯಷ್ಟು ಕಡಿದು. ಅದಕ್ಕೇ ಬಹುತೇಕ ಮನೆಗಳ ನೆತ್ತಿಯಲ್ಲಿ ಒಂದು ತೊಲೆ, ತೊಲೆಗೊಂದು ಕೊಕ್ಕೆ. ಹಗ್ಗ, ರಾಟೆ ಕಟ್ಟಿ ಪಿಯಾನೊವನ್ನು ಹೊರಗಿನಿಂದಲೇ ಎಳೆದು ಕಿಟಕಿಯಿಂದ ಒಳಗೆ ತೂರಿಸುತ್ತಾರೆ. ಮೇಲೇರುವ ಸಾಮಾನು ಗೋಡೆಗೆ ತಾಗದಿರಲೆಂದು ಎಷ್ಟೋ ಮನೆಗಳ ಮುಂಭಾಗವನ್ನು ಬೀದಿಯ ಕಡೆ ತುಸು ವಾಲಿಸಿಯೇ ಕಟ್ಟಿದ್ದಾರೆ. ನಮ್ಮಲ್ಲಿ ಅಪಾರ್ಟ್‌ಮೆಂಟಿನ ಬಾಲ್ಕನಿಗೆ ಕ್ರೇನ್ ತರಿಸುವುದುಂಟು. ಆ ದಿನ ಗಾಳಿ ಮಳೆ ಇದ್ದರೆ ಕೆಲಸ ಮುಂದಕ್ಕೆ ಹಾಕುವವರೇ ಸರಿ.

ಬೆಂಗಳೂರಿನಲ್ಲಿ ಇಂಥವರನ್ನು ಹುಡುಕುವ ಹಾದಿ ಜಾಹೀರಾತಲ್ಲ. ಮೊದಲ ಫೋನು ಟ್ಯೂನರ್‌ಗೆ ಹೋಗಬೇಕು. ಯಾರು ಸಾಗಿಸಿದ ಪಿಯಾನೊ ಯಾವ ಸ್ಥಿತಿಯಲ್ಲಿ ಬಂತು ಎಂದು ಒಳಗೆ ಕೈಹಾಕಿ ನೋಡುವವರು ಅವರೇ. ಎರಡನೆಯದು ಪಿಯಾನೊ ಮಾರುವ ಅಂಗಡಿಗೆ: ನಿಮ್ಮ ಸ್ವಂತ ಸರಕನ್ನು ಯಾರ ಕೈಯಲ್ಲಿ ಕಳಿಸುತ್ತೀರಿ? ಸಿಕ್ಕವರು ಸಾಗಣೆ ವಿಮೆ ಇದೆ ಎಂದರೆ ಅಷ್ಟಕ್ಕೆ ತಲೆದೂಗದೆ, ಒಳಗಿನ ಯಂತ್ರ ಕೆಟ್ಟರೂ ಅದು ಸಲ್ಲುತ್ತದೆಯೇ, ಹೊರಗಿನ ಗೀರಿಗೆ ಮಾತ್ರವೇ ಎಂದು ಬರೆಸಿಕೊಳ್ಳಬೇಕು. ಹೊರಡುವ ಮುನ್ನ ನಾಲ್ಕೂ ಕಡೆಯಿಂದ ಫೋಟೊ ತೆಗೆದಿಟ್ಟರೆ ಆಮೇಲೆ ವಾದಕ್ಕೆ ಜಾಗವಿರುವುದಿಲ್ಲ.

ಬ್ರಿಟಿಷರ ಕಾಲದ ಹಳೆಯ ಅಪ್‌ರೈಟ್‌ಗಳದು ಬೇರೆಯೇ ಪಾಡು. ಉಷ್ಣ ದೇಶಗಳಿಗೆಂದು ಕಟ್ಟಿದವುಗಳಲ್ಲಿ ಅಂಟಿನ ಜತೆಗೆ ತಿರುಪುಗಳನ್ನೂ ಹಾಕುತ್ತಿದ್ದರು, ನಮ್ಮ ಮಳೆಗಾಲಕ್ಕೆ ಅಂಟು ಬಿಡುತ್ತದೆಂಬ ಭಯಕ್ಕೆ. ಎಂಬತ್ತು ನೂರು ವರ್ಷದಲ್ಲಿ ಗೆದ್ದಲು, ಇಲಿ, ನುಸಿಗಳು ಉಳಿಸಿದ್ದೆಷ್ಟು ಎಂದು ತಳ ನೋಡದೆ ಹೇಳಲಾಗದು. ಎತ್ತುವಾಗ ತಳದ ಹಲಗೆಯೇ ಕೈಗೆ ಬಂದದ್ದುಂಟು. ಇವನ್ನು ಸಾಗಿಸುವ ಮುನ್ನ ಟ್ಯೂನರ್ ಒಮ್ಮೆ ಬಿಚ್ಚಿ ನೋಡುವುದು ಸಾಗಣೆ ಖರ್ಚಿನ ಭಾಗವೇ. ದಂತದ ಹೊದಿಕೆಯ ಕೀಲಿಗಳಿದ್ದು ವಾದ್ಯ ದೇಶದ ಗಡಿ ದಾಟಬೇಕಿದ್ದರೆ ವನ್ಯಜೀವಿ ವ್ಯಾಪಾರದ ಪರವಾನಗಿಯ ಕಾಟವೂ ಸೇರಿಕೊಳ್ಳುತ್ತದೆ. ಗಡಿಯ ವಿಷಯದಲ್ಲಿ ಪೋಲೆಂಡಿನ ಕ್ರಿಸ್ಟಿಯಾನ್ ಜಿಮರ್‌ಮನ್ ಪಟ್ಟ ಪಾಡು ಯಾರಿಗೂ ಬೇಡ. ತಮ್ಮದೇ ಪಿಯಾನೊ ಜತೆ ಊರೂರು ತಿರುಗುವ ಈ ವಾದಕರ ಸ್ಟೈನ್‌ವೇಯನ್ನು 2001ರ ಸೆಪ್ಟೆಂಬರ್ ದಾಳಿಯ ನಂತರ ನ್ಯೂಯಾರ್ಕ್ ವಿಮಾನ ನಿಲ್ದಾಣದ ಅಧಿಕಾರಿಗಳು ಅಂಟಿನ ವಾಸನೆಗೆ ಅನುಮಾನಪಟ್ಟು ನಾಶಮಾಡಿದರೆಂದು ಪತ್ರಿಕೆಗಳು ಬರೆದವು.

ಹೊಸ ಮನೆಗೆ ಬಂದ ದಿನವೇ ಶ್ರುತಿ ಮಾಡಿಸಬೇಕೆಂಬ ಆತುರ ಬೇಡ. ಜೋಪಾನವಾಗಿ ಸಾಗಿಸಿದ ಪಿಯಾನೊದ ಶ್ರುತಿ ದಾರಿಯಲ್ಲಿ ಅಷ್ಟೇನೂ ಕೆಡುವುದಿಲ್ಲ; ಕೆಡಿಸುವುದು ಹೊಸ ಊರಿನ ಹವೆ. ತಂತಿಗಳ ಕಂಪನವನ್ನು ನಾದವಾಗಿಸುವುದು ಸ್ಪ್ರೂಸ್ ಮರದ ತೆಳು ಹಲಗೆ. ಅದು ತೇವ ಹೀರಿದರೆ ಉಬ್ಬುತ್ತದೆ, ಶ್ರುತಿ ಏರುತ್ತದೆ. ಒಣಗಿದರೆ ಕುಗ್ಗುತ್ತದೆ, ಶ್ರುತಿ ಇಳಿಯುತ್ತದೆ. ಬೆಂಗಳೂರಿನಿಂದ ಜುಲೈನಲ್ಲಿ ಮಂಗಳೂರಿಗೆ ಹೋದದ್ದೂ, ಏಪ್ರಿಲ್‌ನಲ್ಲಿ ಕಲಬುರಗಿಗೆ ಹೋದದ್ದೂ ಒಂದೇ ವಾದ್ಯವಾಗಿ ಉಳಿಯುವುದಿಲ್ಲ. ಎರಡು ಮೂರು ವಾರ ಸುಮ್ಮನೆ ಬಿಟ್ಟು, ಆಮೇಲೆ ಕರೆಸಬೇಕು. ಗ್ರ್ಯಾಂಡ್ ಆದರೆ ಅನುಭವವಿರುವ ಟ್ಯೂನರ್ ಬಂದವರೇ ತಂತಿಗೆ ಕೈ ಹಾಕುವುದಿಲ್ಲ. ಮೊದಲು ಮಂಡಿಯೂರಿ ಕಾಲುಗಳ ಬಿಗಿ, ಪೆಡಲ್ ಗೂಡಿನ ತಿರುಪು ನೋಡುತ್ತಾರೆ. ಅಲ್ಲೊಂದು ತಿರುಪು ಕಡಿಮೆ ಇದ್ದರೆ ಸಾಗಿಸಿದವರಿಗೆ ಟ್ಯೂನರ್ ಎದುರಿಗೇ ಫೋನ್ ಮಾಡುವುದು ಉತ್ತಮ.