ಹೆಸರು ಅಳಿಸಿದರೆ ಗುಟ್ಟು ಉಳಿದೀತೆ?

ವಕೀಲಿ ವೃತ್ತಿಯಲ್ಲಿ ಕೃತಕ ಬುದ್ಧಿಮತ್ತೆಯ ಬಳಕೆ ಕುರಿತು ನಮ್ಮಲ್ಲಿ ನಡೆದಿರುವ ಚರ್ಚೆ ಬಹುಪಾಲು ಯಂತ್ರದಿಂದ ಹೊರಬಂದದ್ದನ್ನು ಕುರಿತದ್ದು. 2024ರ ಡಿಸೆಂಬರ್‌ನಲ್ಲಿ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯ ಬೆಂಗಳೂರು ಪೀಠದ ಆದೇಶವೊಂದರಲ್ಲಿ ಅಸ್ತಿತ್ವದಲ್ಲೇ ಇಲ್ಲದ ತೀರ್ಪುಗಳು ಉಲ್ಲೇಖಗೊಂಡಿದ್ದವು, ಆದೇಶವನ್ನು ಹಿಂಪಡೆಯಬೇಕಾಯಿತು. ಹುಡುಕಿ ನೋಡಲು ಸಾಧ್ಯವಿದ್ದುದರಿಂದ ಈ ತಪ್ಪು ಸಿಕ್ಕಿಬಿತ್ತು. ಆದರೆ ಯಂತ್ರದ ಒಳಗೆ ಹೋದದ್ದರ ಗತಿಯೇನು? ಸೋರಿದ ಗುಟ್ಟು ಸದ್ದು ಮಾಡುವುದಿಲ್ಲ.

ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ 132ನೆಯ ಕಲಮಿನ ಪ್ರಕಾರ, ಕೆಲವು ಅಪವಾದಗಳನ್ನು ಬಿಟ್ಟರೆ, ಕಕ್ಷಿದಾರರು ಹೇಳಿದ್ದನ್ನು ಅವರ ಒಪ್ಪಿಗೆಯಿಲ್ಲದೆ ವಕೀಲರು ಹೊರಗೆಡಹುವಂತಿಲ್ಲ. ಹಾಗಾಗಿ 'ಹೆಸರು ಅಳಿಸಿ ಬಳಸಿ' ಎಂಬ ಸಲಹೆ ಕೇಳಿಬರುತ್ತದೆ. ಈ ಸಲಹೆ ಗಣಿತದ ಮುಂದೆ ನಿಲ್ಲದು.

ಪ್ರತಿ 'ಹೌದು-ಅಲ್ಲ' ಪ್ರಶ್ನೆಯೂ ಗುಂಪನ್ನು ಅರ್ಧಕ್ಕೆ ಇಳಿಸುತ್ತದೆ ಎನ್ನೋಣ. ಆಗ 13 ಪ್ರಶ್ನೆಗಳು 8,192 ಜನರಲ್ಲಿ ಒಬ್ಬರನ್ನು ಗುರುತಿಸುತ್ತವೆ. 33 ಪ್ರಶ್ನೆಗಳು ಸುಮಾರು 859 ಕೋಟಿ ಜನರಲ್ಲಿ ಒಬ್ಬರನ್ನು. ಇದು ಜಗತ್ತಿನ ಜನಸಂಖ್ಯೆಗಿಂತ ಹೆಚ್ಚು! ಪಾಮನಕಲ್ಲೂರಿನ ವಿಧವೆಯೊಬ್ಬರು ಅಣ್ಣತಮ್ಮಂದಿರ ವಿರುದ್ಧ ಪಾಲು ಕೇಳಲು ಲಿಂಗಸುಗೂರಿನ ವಕೀಲರ ಬಳಿ ಹೋದರೆಂದು ಭಾವಿಸಿ. ಹೆಸರು ಅಳಿಸಿದರೂ ಊರು, ಸರ್ವೆ ನಂಬರು, ಒಡಹುಟ್ಟಿದವರ ಸಂಖ್ಯೆ ಉಳಿಯುತ್ತವೆ. ಸರ್ವೆ ನಂಬರು ಸಿಕ್ಕರೆ 'ಭೂಮಿ' ತಂತ್ರಾಂಶದ ಪಹಣಿಯಲ್ಲಿ ಖಾತೆದಾರರ ಹೆಸರನ್ನು ಯಾರಾದರೂ ನೋಡಬಹುದು. ದಾವೆ ಹೂಡುವ ಮೊದಲೇ ಎದುರಾಳಿಗಳಿಗೆ ಸುದ್ದಿ ಮುಟ್ಟಿದರೆ ಆಕೆ ಜಮೀನನ್ನೇ ಕಳೆದುಕೊಳ್ಳಬಹುದು.

'ಆಮೇಲೆ ಅಳಿಸಿಬಿಡುತ್ತೇನೆ' ಎಂಬ ಭರವಸೆಯೂ ಗಟ್ಟಿಯಲ್ಲ. 2025ರ ಮೇ ತಿಂಗಳಲ್ಲಿ ನ್ಯೂಯಾರ್ಕಿನ ನ್ಯಾಯಾಲಯವೊಂದು, ಬಳಕೆದಾರರು ಅಳಿಸಿದ ಸಂಭಾಷಣೆಗಳನ್ನೂ ಕಾದಿಡುವಂತೆ ಓಪನ್‌ಎಐ ಸಂಸ್ಥೆಗೆ ಆದೇಶಿಸಿತ್ತು. ಆ ಆದೇಶ ಕೆಲವು ತಿಂಗಳು ಜಾರಿಯಲ್ಲಿತ್ತು.

ಕೇರಳ ಉಚ್ಚ ನ್ಯಾಯಾಲಯವು 2025ರ ಜುಲೈನಲ್ಲಿ ನೀತಿಯೊಂದನ್ನು ಹೊರಡಿಸಿ, ಅನುಮೋದಿತ ಸಾಧನಗಳ ಹೊರತು ಕ್ಲೌಡ್ ಸೇವೆಗಳನ್ನು ಬಳಸಬಾರದೆಂದಿತು. ಇದು ಮೆಚ್ಚತಕ್ಕ ಹೆಜ್ಜೆ. ಆದರೆ ಅದು ಅನ್ವಯಿಸುವುದು ಜಿಲ್ಲಾ ನ್ಯಾಯಾಂಗಕ್ಕೆ, ವಕೀಲರ ಕಚೇರಿಗಲ್ಲ. ಗುಟ್ಟು ಮೊದಲು ತಲಪುವುದು ಆ ಕಚೇರಿಗೇ ಅಲ್ಲವೆ?

ದಾರಿಗಳಿವೆ. ಕಾನೂನಿನ ಪ್ರಶ್ನೆಯನ್ನಷ್ಟೇ ಕೇಳಿ ಪ್ರಕರಣದ ವಿವರ ಕೊಡದಿರುವುದು, ಸ್ವಂತ ಗಣಕದಲ್ಲೇ ನಡೆಯುವ ತಂತ್ರಾಂಶ ಬಳಸುವುದು, ಕಕ್ಷಿದಾರರಿಗೆ ವಿವರಿಸಿ ಒಪ್ಪಿಗೆ ಪಡೆಯುವುದು.

ಶಿಕ್ಷಕರೆ, ಒಂದು ಪ್ರಯೋಗ ಮಾಡಿ ನೋಡಿ. 60 ಮಕ್ಕಳ ತರಗತಿಯಲ್ಲಿ ಒಬ್ಬರನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಹೆಸರು ಕೇಳದೆ ಪತ್ತೆ ಹಚ್ಚಲು ಹೇಳಿ. ಜಾಣ ಪ್ರಶ್ನೆಗಳು ಆರಿದ್ದರೆ ಸಾಕು.